ಮುಟ್ಟುವ ಮೊದಲಿನ ನಡುಕ

ನ್ಟಿಂಡಾ, ಕಂಪಾಲಾ
೧೪ ನವೆಂಬರ್ ೨೦೧೮, ಬುಧವಾರ

ಪ್ರೀತಿಯ ಅಮ್ಮಾ,

ಮೊಣಕಾಲು ಹೇಗಿದೆ? ಸರೋವರದ ಗಾಳಿಗೆ ಬೆಳಗಿನ ಹೊತ್ತು ಕಾಲು ಮಡಚಲು ಆಗುವುದಿಲ್ಲ ಎಂದು ಮತಿಯಾ ಮಾವ ಹೇಳಿದರು. ನಾನು ಕಳಿಸಿದ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಅಥವಾ ಎಂದಿನಂತೆ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆಯೋ? ರಕ್ತದೊತ್ತಡದ ಮಾತ್ರೆಯನ್ನಂತೂ ದಿನವೂ ನುಂಗಬೇಕು. "ಮೈ ಚೆನ್ನಾಗಿರೋ ದಿನ ಔಷಧಿ ಯಾಕೆ ದಂಡ" ಎನ್ನುವ ನಿನ್ನ ವಾದ ನನಗೆ ಗೊತ್ತು. ಮೈ ಚೆನ್ನಾಗಿರುವುದೇ ಆ ಮಾತ್ರೆಯಿಂದ. ಸಿಸ್ಟರ್ ಲಿಬರಾಟ ನಾಳೆ ದೋಣಿಗೆ ಕಲಂಗಾಲಕ್ಕೆ ಹೊರಡುತ್ತಾರೆ. ಅವರ ಕೈಯಲ್ಲಿ ಈ ಪತ್ರವನ್ನೂ ಒಂದು ಡಬ್ಬಿ ಹುರಿದ ಮಿಡತೆಯನ್ನೂ ಕಳಿಸುತ್ತಿದ್ದೇನೆ. ಈ ಸಲ ಮಿಡತೆ ತಡವಾಗಿ ಬಂತು, ಆದರೆ ದಪ್ಪವಾಗಿದೆ. ರೆಕ್ಕೆ ಕಾಲು ಕಿತ್ತದ್ದು ನಾನೇ. ಒಂದೆರಡು ಕಾಲು ಉಳಿದಿದ್ದರೆ ಬೈಯಬೇಡ.

ಪತ್ರ ಯಾಕೆ, ಫೋನ್ ಇಲ್ಲವೇ ಎಂದು ನೀನು ಕೇಳಬಹುದು. ಫೋನಿನಲ್ಲಿ ನೀನು ಮಳೆ, ಮೀನು, ಮಾವನ ಹಂದಿಮರಿ ಇಷ್ಟನ್ನು ಹೇಳಿ "ಚಾರ್ಜ್ ಮುಗೀತಿದೆ ಮಗಳೇ" ಎನ್ನುತ್ತೀ. ನೀನು ದ್ವೀಪಕ್ಕೆ ಹೋದಾಗಿನಿಂದ ನಿನ್ನ ಫೋನಿನ ಚಾರ್ಜು ನನ್ನ ಧ್ವನಿ ಕೇಳಿದ ಕೂಡಲೇ ಮುಗಿಯುತ್ತದೆ. ನಾನೂ ಅದನ್ನು ನಂಬಿದವಳಂತೆ ನಟಿಸಿ ಫೋನ್ ಇಡುತ್ತೇನೆ. ಹಾಗೆ ಇಟ್ಟಾಗ ನನಗೆ ಸ್ವಲ್ಪ ಹಗುರವೂ ಆಗುತ್ತದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇವತ್ತು ನಾಚಿಕೆಯಾಗುವುದನ್ನೆಲ್ಲ ಬರೆಯಲೆಂದೇ ಕೂತಿದ್ದೇನೆ.

ಮುಖ್ಯವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ಅಳಿಯ ಗ್ಯಾವೀರನ ಕಾಯಿಲೆ ಏನೆಂದು ಗೊತ್ತಾಗಿದೆ. ಅದು ಒಬುಕೊ ಅಲ್ಲ. ಅತ್ತೆ ಅಳಿಯನನ್ನು ಮುಟ್ಟಿದ್ದರಿಂದ ಬಂದ ನಡುಕ ಅಲ್ಲ. ನಿನ್ನ ಕೈಯಿಂದ ಅವರಿಗೆ ಏನೂ ಆಗಿಲ್ಲ, ಜೀವ ಉಳಿದದ್ದೊಂದನ್ನು ಬಿಟ್ಟರೆ. ಇಷ್ಟನ್ನೇ ಬರೆದು ಪತ್ರವನ್ನು ಮುಗಿಸಬಹುದಿತ್ತು. ಆದರೆ ಗ್ಯಾವೀರನ ಸೋದರತ್ತೆ ಫೆದೆರೇಸಿ ನಿನ್ನಿಂದ ಒಂದು ಕೆಲಸ ಆಗಬೇಕು ಎಂದು ಕೂತಿದ್ದಾರೆ. ಅದನ್ನು ನಿನಗೆ ಮುಟ್ಟಿಸುವ ಹೊಣೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಅದೇನೆಂದು ಹೇಳುವ ಮೊದಲು ಕಾಯಿಲೆಯ ವಿಷಯವನ್ನು ಹೇಳಬೇಕು, ಇಲ್ಲದಿದ್ದರೆ ನನ್ನ ಪಾಲು ನಿನಗೆ ಕಾಣುವುದಿಲ್ಲ.

ನಾವು ತಿನ್ನುವುದರಲ್ಲೆಲ್ಲ ಚೂರುಚೂರು ತಾಮ್ರ ಇರುತ್ತದೆ ಅಮ್ಮಾ. ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮೈ ಹೊರಗೆ ಹಾಕುತ್ತದೆ. ಗ್ಯಾವೀರನ ಮೈಗೆ ಹಾಗೆ ಹೊರಗೆ ಹಾಕುವುದು ಹುಟ್ಟಿನಿಂದಲೇ ಗೊತ್ತಿಲ್ಲ. ತಾಮ್ರ ಮೊದಲು ಲಿವರಿನಲ್ಲಿ, ಆಮೇಲೆ ಮೆದುಳಿನಲ್ಲಿ ಕೂರುತ್ತಾ ಬಂದಿದೆ. ಕೈ ನಡುಗಿದ್ದು, ನಾಲಿಗೆ ತೊದಲಿದ್ದು, ಸುಮ್ಮನಿದ್ದವರು ಏಕಾಏಕಿ ಸಿಡಿಯುತ್ತಿದ್ದದ್ದು ಎಲ್ಲವೂ ಅದರಿಂದಲೇ. ಬಹಳ ಅಪರೂಪದ ಕಾಯಿಲೆ. ಸಾಮಾನ್ಯವಾಗಿ ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಕಾಣಿಸಿಕೊಳ್ಳುತ್ತದೆ. ನಲವತ್ತು ದಾಟಿದವರಲ್ಲಿ ಕಾಣಿಸಿಕೊಳ್ಳುವುದು ಅಪರೂಪದಲ್ಲೂ ಅಪರೂಪ. ಅದಕ್ಕೇ ನನಗೆ ಹೊಳೆಯಲಿಲ್ಲ ಎಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ. ಅವರೂ ತಲೆಯಾಡಿಸುತ್ತಾರೆ. ನಿನಗೆ ಮಾತ್ರ ಹಾಗೆ ಹೇಳಲಾರೆ.

ಚರ್ಚಿನ ಮೆಟ್ಟಿಲಲ್ಲಿ ನೀನು ಹೆಂಗಸರಿಗೆ ಹೇಳುತ್ತಿದ್ದದ್ದು ನೆನಪಿದೆಯಾ? "ಬೇರೆ ಡಾಕ್ಟರುಗಳಿಗೆ ಕಾಣದ ಕಾಯಿಲೆ ನನ್ನ ಮಗಳ ಕಣ್ಣಿಗೆ ಬೀಳುತ್ತೆ." ಮೈಬಣ್ಣ ದಿನದಿನಕ್ಕೆ ಕಪ್ಪಾಗುತ್ತಾ, ಹಿಡಿ ಹಿಡಿ ಉಪ್ಪು ತಿನ್ನುತ್ತಿದ್ದ ಅರುವಾ ಊರಿನ ಆ ಶಿಕ್ಷಕಿಯ ಕಥೆಯನ್ನು ನೀನು ಇಡೀ ಊರಿಗೆ ಹಂಚಿದ್ದೆ. ಮೈಗೆ ಹಚ್ಚುವ ಕ್ರೀಮ್ ಬಿಟ್ಟಿದ್ದಕ್ಕೆ ಕಪ್ಪಾಗಿದ್ದಾಳೆ ಎಂದು ಉಳಿದವರೆಲ್ಲ ನಕ್ಕಾಗ, ಮೂತ್ರಪಿಂಡದ ಮೇಲಿನ ಗ್ರಂಥಿ ಸೋತಿದೆ ಎಂದು ಕಂಡುಹಿಡಿದವಳು ನಾನು. ಹೇಗೆ ಕಂಡುಹಿಡಿದೆ? ಅವಳನ್ನು ಕೂರಿಸಿಕೊಂಡು ಕೇಳಿದೆ, ಅಷ್ಟೇ. ಮೊದಲು ಏನಾಯಿತು, ಆಮೇಲೆ ಏನಾಯಿತು. ವಾರ್ಡಿಗೆ ಬರುವ ಹೊಸ ಡಾಕ್ಟರುಗಳಿಗೆ ನಾನು ಬಾಯಿಪಾಠ ಮಾಡಿಸುವುದೂ ಇದನ್ನೇ: ರೋಗಿ ತನಗೆ ಕಾರಣ ಅನ್ನಿಸಿದ್ದನ್ನು ಮೊದಲು ಹೇಳುತ್ತಾನೆ, ನೀವು ಅದರ ಹಿಂದಿನ ದಿನಕ್ಕೆ ಹೋಗಿ. ನಮ್ಮ ಮನೆಯಲ್ಲಿ ಆ ಹಿಂದಿನ ದಿನ ನನ್ನ ಕಣ್ಣೆದುರೇ ಇತ್ತು. ನಾನು ಅದನ್ನು ದಾಟಿಕೊಂಡು ನಡೆದೆ.

ಗ್ಯಾವೀರ ನೀರಿನ ಟ್ಯಾಂಕಿನ ಮೆಟ್ಟಿಲಿನಿಂದ ಬಿದ್ದ ಮಧ್ಯಾಹ್ನಕ್ಕಿಂತ ಎಷ್ಟೋ ಮೊದಲು, ಅವರು ಅಳಗುಳಿ ಮಣೆ ಆಡುವುದನ್ನು ಬಿಟ್ಟಿದ್ದರು. ನಿನ್ನ ಅಳಿಯನ ಕೈ ಆ ಆಟದಲ್ಲಿ ಎಷ್ಟು ಚುರುಕು ಎಂದು ನಿನಗೆ ಗೊತ್ತು. ಕಾಳು ಹಾಕುವುದು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಅಂಥವರ ಬೆರಳಿನಿಂದ ಕಾಳು ಜಾರಿ ಬೇರೆ ಗುಳಿಗೆ ಬೀಳತೊಡಗಿತು. ಅಂಗಡಿ ಮುಂದೆ ಆಡುವ ಗೆಳೆಯರು "ಏನಯ್ಯಾ ಗ್ಯಾವೀರ, ಕಳ್ಳಾಟ ಆಡೋದಾದ್ರೆ ಸ್ವಲ್ಪ ನಾಜೂಕಾಗಿ ಆಡು" ಎಂದು ರೇಗಿಸಿದರಂತೆ. ಆಮೇಲೆ ಅವರು ಅತ್ತ ಹೋಗಲಿಲ್ಲ. ಗಡ್ಡವನ್ನು ಮನೆಯಲ್ಲಿ ಹೆರೆದುಕೊಳ್ಳುವುದನ್ನೂ ಬಿಟ್ಟರು. ತಟ್ಟೆಯ ಮೇಲೆ ಟೀ ಬಟ್ಟಲು ಕಟಕಟ ಎನ್ನುತ್ತಿತ್ತು. ನಾನು ನೋಡಿದೆ. ನೋಡಿ, ಕುಡಿಯುತ್ತಿದ್ದಾರೆ ಎಂದುಕೊಂಡೆ. ಬಾಗಿಲು ತೆಗೆಯುವಾಗ ಪೊಲೀಸರ ಹಾಗೆ ಅವರ ಉಸಿರನ್ನು ಮೂಸಿದೆ. ಕಾರಿನ ಡಿಕ್ಕಿಯಲ್ಲಿ ಸೀಸೆ ಹುಡುಕಿದೆ. ಸಿಗಲಿಲ್ಲ. ಸಿಗಲಿಲ್ಲವಾದ್ದರಿಂದ ಬಚ್ಚಿಡುವುದರಲ್ಲಿ ಜಾಣರಾಗಿದ್ದಾರೆ ಎಂದುಕೊಂಡೆ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಯೋಚಿಸಿದ್ದರೆ ಇಡೀ ವಾರ್ಡಿನ ಮುಂದೆ ನಿಲ್ಲಿಸಿ ಬೈಯುತ್ತಿದ್ದೆ. ಲಿವರಿನ ಸ್ಕ್ಯಾನಿನಲ್ಲಿ ಕಲೆ ಕಂಡಾಗ, ನೋಡಿದಿರಾ ನಾನು ಹೇಳಿದ್ದೇ ಸರಿ ಎಂಬ ಒಂದು ಬಗೆಯ ಗೆಲುವು ಕೂಡ ನನ್ನೊಳಗೆ ಹಾದುಹೋಯಿತು.

ಹೆಂಡತಿಯಾಗಿ ಸಿಟ್ಟಾಗಿದ್ದೆನೋ, ಡಾಕ್ಟರಾಗಿ ಸೋಮಾರಿಯಾಗಿದ್ದೆನೋ, ಈಗಲೂ ಬಿಡಿಸಿ ಹೇಳಲಾರೆ. ಎರಡೂ ಒಂದಕ್ಕೊಂದು ಅನುಕೂಲವಾಗಿದ್ದವು.

ಗ್ಯಾವೀರ ಬಿದ್ದ ಆ ಮಧ್ಯಾಹ್ನ ಮನೆಯಲ್ಲಿ ನೀನೊಬ್ಬಳೇ ಇದ್ದೆ. ನಮ್ಮ ಮದುವೆಯಾದಾಗಿನಿಂದ ಅವರ ಜೊತೆ ಒಂದೇ ಕೋಣೆಯಲ್ಲಿ ನಿಂತವಳಲ್ಲ ನೀನು. ಊರಿನಿಂದ ಬಂದರೆ ಹಿತ್ತಲ ಕೋಣೆಯಲ್ಲೇ ಇಳಿದುಕೊಳ್ಳುತ್ತಿದ್ದೆ. ಅವರು ವರಾಂಡದಲ್ಲಿ ಕೆಮ್ಮಿದರೆ ಒಳಗೆ ಸರಿದು, ಪರದೆಯ ಹಿಂದಿನಿಂದ ಯೋಗಕ್ಷೇಮ ವಿಚಾರಿಸುತ್ತಿದ್ದೆ. ಅಣಬೆಯನ್ನೂ ಕಡಲೆಕಾಯಿಯನ್ನೂ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿ "ಬಿಸಿ ಇರೋವಾಗ್ಲೇ ತಿನ್ನೋಕೆ ಹೇಳು ಅಳಿಯಂದ್ರಿಗೆ" ಎಂದು ನನ್ನ ಕೈಯಲ್ಲಿ ಕಳಿಸುತ್ತಿದ್ದೆ. ಅಂಥ ನೀನು ಅವರು ಬಿದ್ದ ಸದ್ದು ಕೇಳಿ ಓಡಿಹೋಗಿ, ರಕ್ತ ಸುರಿಯುತ್ತಿದ್ದ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನೀನು ಉಟ್ಟಿದ್ದ ಗೋಮೆಸಿಯ ಸೊಂಟಪಟ್ಟಿಯನ್ನು ಬಿಚ್ಚಿ ಬಿಗಿದು ಕಟ್ಟಿದೆ. ಪಕ್ಕದ ಮನೆಯವರು ಬರುವ ತನಕ ಹಾಗೇ ಕೂತಿದ್ದೆ. ಬಂದವರು ಮೊದಲು ನೋಡಿದ್ದು ರಕ್ತವನ್ನಲ್ಲ, ಅಳಿಯನ ತಲೆ ಯಾರ ತೊಡೆಯ ಮೇಲಿದೆ ಎಂಬುದನ್ನು.

ಗಾಯ ಮಾಯಿತು. ನಡುಕ ಎಲ್ಲರ ಕಣ್ಣಿಗೂ ಬಿತ್ತು. ಆಮೇಲೆ ಮಸಾಕಾದಲ್ಲಿ ಅವರ ಮನೆಯ ಅಂಗಳದಲ್ಲಿ ಕುಲದ ಹಿರಿಯರು ಸೇರಿದರು. ಆ ಮಾತುಗಳು ನನಗೆ ಅಕ್ಷರ ಬಿಡದೆ ನೆನಪಿವೆ. "ಮುಟ್ಟಿದ್ದು ಹೌದಾ, ಇಲ್ವಾ?" "ಮುಟ್ಟಿದೆ. ರಕ್ತ ಸುರೀತಿತ್ತು." "ರಕ್ತದ ವಿಷಯ ನಾನು ಕೇಳಲಿಲ್ಲ ತಾಯಿ, ಮುಟ್ಟಿದ್ದು ಕೇಳ್ದೆ." ಆಗ ನೀನು ತಿರುಗಿ ನನ್ನತ್ತ ನೋಡಿದೆ. ಇವರ ಕೈ ಮೊದಲೇ ನಡುಗುತ್ತಿತ್ತು, ನಡುಗಿದ್ದಕ್ಕೇ ಬಿದ್ದರು, ಬಿದ್ದದ್ದಕ್ಕೇ ನನ್ನಮ್ಮ ಮುಟ್ಟಿದಳು, ನೀವು ಕಥೆಯನ್ನು ಹಿಂದುಮುಂದಾಗಿ ಓದುತ್ತಿದ್ದೀರಿ ಎಂದು ಹೇಳಬಲ್ಲವಳು ಆ ಚಾಪೆಯ ಮೇಲೆ ನಾನೊಬ್ಬಳೇ ಇದ್ದೆ. ನಾನು ಚಾಪೆಯ ಅಂಚಿನಿಂದ ಒಂದು ಹುಲ್ಲುಕಡ್ಡಿಯನ್ನು ಕೀಳುತ್ತಾ ಕೂತೆ. ಹೇಳಿದರೆ ಯಾಕೆ ನಡುಗುತ್ತಿತ್ತು ಎಂದು ಕೇಳುತ್ತಿದ್ದರು. ಕುಡಿತ ಎನ್ನಬೇಕಾಗುತ್ತಿತ್ತು. ದೊಡ್ಡ ಡಾಕ್ಟರಮ್ಮನ ಗಂಡ ಕುಡುಕ! ಅದಕ್ಕಿಂತ ಒಬುಕೊ ವಾಸಿ ಎನ್ನಿಸಿತು. ಓದಿದವರು ಯಾರೂ ಅದನ್ನು ನಂಬುವುದಿಲ್ಲವಲ್ಲ, ನಂಬದ ಮಾತಿನಿಂದ ಯಾರಿಗೆ ಪೆಟ್ಟಾಗುತ್ತದೆ ಎಂದುಕೊಂಡೆ. ಪೆಟ್ಟು ನಿನಗಾಯಿತು. ನಿನ್ನ ಚರ್ಚಿನ ಹೆಂಗಸರು ಪ್ರಾರ್ಥನೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತಿಗೆ ನಿನ್ನ ಕೈಯನ್ನು ಹಿಡಿಯುವುದನ್ನು ಬಿಟ್ಟರು. ನೀನು ಒಂದು ಚೀಲ ಹಿಡಿದುಕೊಂಡು, ತಮ್ಮನ ಮನೆಯಲ್ಲಿ ಕೈತೋಟ ನೋಡಿಕೊಳ್ಳುವವರಿಲ್ಲ ಎಂಬ ನೆಪ ಹೇಳಿ ದೋಣಿ ಹತ್ತಿದೆ. ಗಾಳಿ ಬದಲಾದರೆ ಮೈಗೆ ಒಳ್ಳೆಯದು ಎಂದು ನಾನು ಬೀಳ್ಕೊಟ್ಟೆ.

ಕಾಯಿಲೆ ಹಿಡಿದದ್ದು ನಾನಲ್ಲ. ಗ್ಯಾವೀರ ಓದುವ ಕನ್ನಡಕಕ್ಕೆಂದು ನಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರು ಆಚೆನ್ ಹತ್ತಿರ ಹೋಗಿದ್ದರು. ಉತ್ತರದ ಕಡೆಯವಳು, ನಾಲಿಗೆ ಚಾಕು, ಒಮ್ಮೆ ಮನೆಗೆ ಬಂದು ನಿನ್ನ ಬಾಳೆಕಾಯಿ ಮಟೋಕೆಯನ್ನು ಮೂರು ಸಲ ಬಡಿಸಿಕೊಂಡಿದ್ದಳಲ್ಲ, ಅವಳೇ. ದೀಪದ ಯಂತ್ರಕ್ಕೆ ಗಲ್ಲವನ್ನು ಒರಗಿಸಿ ನೋಡಿದವಳು ಕನ್ನಡಕದ ಮಾತನ್ನು ಬಿಟ್ಟು ನನಗೆ ಫೋನ್ ಮಾಡಿದಳು. "ಕೆಲಸ ಬಿಟ್ಟು ಬಾರೇ ಇಲ್ಲಿ." ಹೋಗಿ ನೋಡಿದೆ. ಕರಿಗುಡ್ಡೆಯ ಅಂಚಿಗೆ ಸುತ್ತಲೂ ತಾಮ್ರ ಕೂತು ಆದ ಹಸಿರು ಕಂದಿನ ಒಂದು ಬಳೆ, ನಮ್ಮ ಮಿಷನ್ ಚರ್ಚಿನ ಹಳೆಯ ಗಂಟೆಯ ಅಂಚಿಗೆ ಬಂದಿರುವ ಕಿಲುಬಿನ ಹಾಗೆ. ನಮ್ಮಂಥ ಕಪ್ಪು ಕಣ್ಣಿನಲ್ಲಿ ಅದು ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ ಎಂದು ನಾನು ಏನೋ ಸಮಜಾಯಿಷಿ ಶುರುಮಾಡಿದೆ. ಆಚೆನ್ ಮುಖಕ್ಕೇ ಕೇಳಿದಳು: "ಗಂಡನ ಕಣ್ಣು ನೋಡಿ ಎಷ್ಟು ವರ್ಷ ಆಯ್ತೇ?" ತಮಾಷೆಗೇ ಕೇಳಿದ್ದು. ಗ್ಯಾವೀರ ಕೂಡ ನಕ್ಕರು, ಜೊಲ್ಲನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಾ.

ರಕ್ತ ಮತ್ತು ಮೂತ್ರದ ಪರೀಕ್ಷೆ ಆಚೆನ್ ಹೇಳಿದ್ದನ್ನು ಗಟ್ಟಿಮಾಡಿತು. ಮಾತ್ರೆಯನ್ನು ನೈರೋಬಿಯ ಗೆಳತಿಯೊಬ್ಬಳು ಕಳಿಸುತ್ತಿದ್ದಾಳೆ. ಶುರುಮಾಡಿದ್ದೇವೆ. ತಕ್ಷಣ ಗುಣ ಕಾಣುವುದಿಲ್ಲ, ಮೊದಮೊದಲು ನಡುಕ ಹೆಚ್ಚಲೂಬಹುದು, ಪೂರ್ತಿ ಹೋಗುತ್ತದೆಂದು ನಾನು ಮಾತು ಕೊಡಲಾರೆ. ಎರಡು ವರ್ಷ ಮೊದಲೇ ಕೊಟ್ಟಿದ್ದರೆ ಎಂಬ ಲೆಕ್ಕವನ್ನು ಅವರು ಒಮ್ಮೆಯೂ ಹಾಕಿಲ್ಲ, ನನ್ನೆದುರಂತೂ ಇಲ್ಲ. ಲಿವರ್ ಮಾಂಸ, ಕಡಲೆಕಾಯಿ, ಅಣಬೆ ತಿನ್ನಬಾರದು, ಅವುಗಳಲ್ಲಿ ತಾಮ್ರ ಹೆಚ್ಚು. ಇದನ್ನು ಓದಿ ನೀನು ಎದೆ ಹಿಡಿದುಕೊಳ್ಳುತ್ತೀ ಎಂದು ಗೊತ್ತು. ಬೇಡ ಅಮ್ಮಾ. ನಿನ್ನ ಅಣಬೆಯ ಪೊಟ್ಟಣದಿಂದ ಬಂದ ಕಾಯಿಲೆಯಲ್ಲ ಇದು. ನಾಡಿನ ಅರ್ಧ ಜನ ಅದನ್ನೇ ತಿಂದು ಗಟ್ಟಿಯಾಗಿದ್ದಾರೆ. ನಿನ್ನ ಮೊಮ್ಮಗಳನ್ನೂ ಪರೀಕ್ಷೆ ಮಾಡಿಸಿದೆ, ಅವಳು ಚೆನ್ನಾಗಿದ್ದಾಳೆ.

ಈಗ ಫೆದೆರೇಸಿ ಅತ್ತೆಯ ಮಾತು. ಈ ಕಾಯಿಲೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ರಕ್ತದಲ್ಲಿ ಇಳಿದು ಬರುತ್ತದೆ. ಹಾಗಾಗಿ ಒಡಹುಟ್ಟಿದವರಿಗೂ ಇರಬಹುದು. ಗ್ಯಾವೀರನಿಗೆ ಇರುವವಳು ಒಬ್ಬಳೇ ತಂಗಿ, ಲುಂಕುಸೆ. ಅವಳ ಮದುವೆಯ ಮಾತುಕತೆಗೆ ಗಂಡಿನವರು ಬರುವ ದಿನ ಗೊತ್ತಾಗಿದೆ, ಚಪ್ಪರದವರಿಗೂ ಹೇಳಿಯಾಗಿದೆ. ಹೋದ ಭಾನುವಾರ ಮಸಾಕಾಕ್ಕೆ ಹೋಗಿ, ಕಾಯಿಲೆ ಇಂಥದ್ದು, ಲುಂಕುಸೆಯ ರಕ್ತವನ್ನೂ ನೋಡಬೇಕು ಎಂದು ಹೇಳಿದೆ. ಫೆದೆರೇಸಿ ಅತ್ತೆ ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದೊಯ್ದರು. ಕೂಗಾಡಲಿಲ್ಲ, ಕೂಗಾಡಿದ್ದರೆ ಎದುರಿಸಬಹುದಿತ್ತು. "ರಕ್ತದಲ್ಲಿದೆ ಅಂತ ಒಂದು ಸಲ ಬಾಯಿಂದ ಹೊರಗೆ ಬಿತ್ತು ಅಂದ್ರೆ, ನಮ್ಮ ಮನೆ ಹೆಣ್ಣು ಯಾರು ತಗೊಳ್ತಾರೆ ಹೇಳು. ಒಬುಕೊ ಅಂದ್ರೆ ಸ್ನಾನ ಮಾಡಿಸಿದ್ರೆ ಮುಗೀತು, ಕುಲಕ್ಕೆ ಅಂಟಲ್ಲ. ನಿಮ್ಮಮ್ಮನಿಗೇನು, ಗಂಡ ಸತ್ತವಳು, ಮಗಳನ್ನ ದಡ ಸೇರಿಸಿದವಳು. ಅವಳ ಹೆಸರಿಗೆ ಇನ್ನೇನು ಆಗ್ಬೇಕು? ನಮ್ಮ ಹುಡುಗೀದು ಇನ್ನೂ ಶುರುವೇ ಆಗಿಲ್ಲ." ಅವರ ಬೇಡಿಕೆ ಇಷ್ಟು: ನೀನು ಮಸಾಕಾಕ್ಕೆ ಬಂದು, ಗಂಡಿನ ಕಡೆಯ ಹಿರಿಯರೂ ಇರುವಾಗ, ಅಂಗಳದಲ್ಲಿ ಮಂಡಿಯೂರಿ "ನಾನು ಮುಟ್ಟಿದ್ದರಿಂದ ಆಯಿತು" ಎನ್ನಬೇಕು. ಸೊಪ್ಪಿನ ನೀರಿನಲ್ಲಿ ನಿನಗೂ ಅಳಿಯನಿಗೂ ಸ್ನಾನ ಆಗಬೇಕು. ಅಲ್ಲಿಗೆ ಎಲ್ಲ ಶುದ್ಧ. "ಮದುವೆ ಒಂದು ಮುಗೀಲಿ, ಆಮೇಲೆ ನಿಂಗೆಷ್ಟು ರಕ್ತ ಬೇಕೋ ತಗೊಂಡು ಹೋಗು" ಎಂದರು.

ಆಗ ನಾನು ಏನು ಹೇಳಿದೆ ಎಂಬುದನ್ನು ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ, ಸ್ವಲ್ಪ ತಾಳು.

ನಿನ್ನೆ ಓಪಿಡಿಗೆ ಲುಂಕುಸೆ ಬಂದಳು. ನನಗೆ ಫೋನ್ ಮಾಡದೆ, ಚೀಟಿ ಮಾಡಿಸಿ, ಸಾಲಿನಲ್ಲಿ ಕೂತು, ತನ್ನ ಸರದಿ ಬಂದಾಗ ಒಳಗೆ ಬಂದಳು. "ಅತ್ತಿಗೇ, ಮದುವೆ ಹೆಣ್ಣು ಅಂದ್ರೆ ಕಿವುಡಿ ಅಂತಾನಾ? ಅಡುಗೆಮನೆ ಗೋಡೆ ಎಷ್ಟು ದಪ್ಪ ಇದೆ ಅಂದ್ಕೊಂಡಿದ್ದೀರಿ?" ಎಂದಳು. ನಾನು ಏನೋ ಹೇಳಹೊರಟೆ. ಅವಳು ಬಿಡಲಿಲ್ಲ. "ಒಂದು ಮಾತು ಹೇಳಿ. ನಿಮ್ಮಮ್ಮನ್ನ ಸ್ನಾನ ಮಾಡಿಸಿದ್ರೆ ನನ್ನ ರಕ್ತದಲ್ಲಿರೋದು ತೊಳೆದು ಹೋಗುತ್ತಾ?" ಇಷ್ಟು ವರ್ಷದ ಓದಿನಲ್ಲಿ ನನ್ನನ್ನು ಯಾವ ಪರೀಕ್ಷಕನೂ ಹಾಗೆ ಕೂರಿಸಿ ಕೇಳಿರಲಿಲ್ಲ. ಅವಳನ್ನು ಕೈಹಿಡಿದು ಆಚೆನ್ ಹತ್ತಿರ ಕರೆದುಕೊಂಡು ಹೋದೆ. ದೀಪದ ಬೆಳಕಿನಲ್ಲಿ, ಎರಡೂ ಕಣ್ಣಿನ ಮೇಲಂಚಿನಲ್ಲಿ, ಉಗುರಿನಿಂದ ಗೀರಿದಂಥ ಒಂದು ಕಮಾನು. ಆ ಬಳೆ ಶುರುವಾಗುವುದೇ ಅಲ್ಲಿಂದ. ಕೈ ಇನ್ನೂ ನಡುಗಿಲ್ಲ, ಮಾತು ಸ್ವಚ್ಛವಾಗಿದೆ. ರಕ್ತ ಪರೀಕ್ಷೆಗೆ ಹೋಗಿದೆ; ಅದರಲ್ಲೂ ಅದೇ ಬಂದರೆ ಆಗಿನಿಂದಲೇ ಮಾತ್ರೆ ನುಂಗಿ ಅವಳು ಮೊಮ್ಮಕ್ಕಳನ್ನು ನೋಡುವ ತನಕ ನೆಟ್ಟಗಿರಬಹುದು. ಲುಂಕುಸೆ ಮೂಗನ್ನು ಒರೆಸಿಕೊಂಡು "ಕಡಲೆಕಾಯಿ ಸಾರು ಮದುವೆ ಊಟದಲ್ಲೂ ಮುಟ್ಟಬಾರ್ದಾ?" ಎಂದಳು. ಹುಡುಗನಿಗೆ ತಾನೇ ಹೇಳುತ್ತಾಳಂತೆ. ಅವನು ಏನನ್ನುತ್ತಾನೋ, ಚಪ್ಪರ ಏಳುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಇದನ್ನೆಲ್ಲ ನಿನಗೆ ಬರೆಯಿರಿ ಎಂದವಳು ಅವಳೇ.

ಗ್ಯಾವೀರನಿಗೆ ಸ್ನಾನದ ವಿಷಯ ಗೊತ್ತಾದದ್ದೂ ಅವಳಿಂದಲೇ. ಅವರು ನನ್ನ ಮೇಲೆ ಸಿಡಿಯುತ್ತಾರೆ ಎಂದು ಕಾದೆ. ಸಿಡಿಯಲಿಲ್ಲ. ಮಾತು ಈಗ ನಿಧಾನ, ಒಂದೊಂದೇ ಪದವನ್ನು ಎತ್ತಿ ಇಡುತ್ತಾರೆ. "ನಿಮ್ಮಮ್ಮ ಎತ್ತದೆ ಹೋಗಿದ್ರೆ, ನಡುಗೋದಕ್ಕೆ ನಾನೇ ಇರ್ತಿರಲಿಲ್ಲ" ಎಂದರು. ಅಂಗಳದಲ್ಲಿ ಎಲ್ಲರ ಮುಂದೆ ಇದನ್ನೇ ಹೇಳುತ್ತಾರಂತೆ, ಎಷ್ಟು ಹೊತ್ತಾದರೂ ಸರಿ, ತೊದಲಿದರೂ ಸರಿ. ಈ ಸಲ ನಾನು ಹುಲ್ಲುಕಡ್ಡಿ ಕೀಳುವುದಿಲ್ಲ ಎಂದು ನಿನಗೆ ಮಾತು ಕೊಡಬೇಕೆನ್ನಿಸುತ್ತದೆ. ನನ್ನ ಮಾತಿಗೆ ನಿನ್ನ ಹತ್ತಿರ ಈಗ ಎಷ್ಟು ಬೆಲೆ ಇದೆಯೋ ತಿಳಿಯದೆ ಸುಮ್ಮನಾಗುತ್ತೇನೆ.

ಮತಿಯಾ ಮಾವನಿಗೂ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು. ಮೊಮ್ಮಗಳು ಬೋರ್ಡಿಂಗ್ ಶಾಲೆಯಿಂದ ಬಂದ ಕೂಡಲೇ ಅಜ್ಜಿಯ ಹತ್ತಿರ ಬಿಡು ಎಂದು ಈಗಲೇ ಹಟ ಹಿಡಿದಿದ್ದಾಳೆ. ಇಲ್ಲಿಂದಲೇ ನಿನ್ನ ಮುಂದೆ ಮಂಡಿಯೂರಿದ್ದೇನೆ ಅಮ್ಮಾ. ಏಳು ಎನ್ನುವುದು ನಿನಗೆ ಬಿಟ್ಟದ್ದು.

ನಿನ್ನ ಮಗಳು,
ನಾಬುಕೇರ

ತಾ.ಕ.: ಸಿಸ್ಟರ್ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಶನಿವಾರ ಬೆಳಿಗ್ಗೆ 'ಸ್ನಾನಕ್ಕೆ ಕರೆದುಕೊಂಡು ಹೋಗಲು ಬಂದಿದ್ದೇವೆ' ಎಂದು ಮಸಾಕಾದಿಂದ ಅವರ ಕಾರು ವಾಹನ ಸಾಗಿಸುವ ದೋಣಿಯಲ್ಲಿ ದ್ವೀಪಕ್ಕೆ ಬರುತ್ತದೆ. ಹತ್ತಬೇಡ. "ನಿಮ್ಮ ಮಗಳೇ ಒಪ್ಪಿದ್ದಾಳೆ" ಎಂದು ಅವರು ಹೇಳುತ್ತಾರೆ. ಅದು ಸುಳ್ಳಲ್ಲ. ಅಡುಗೆಮನೆಯ ಹಿಂದೆ ನಾನು ಹೂಂ ಎಂದಿದ್ದೆ. ಅಮ್ಮ ನಾನು ಹೇಳಿದರೆ ಬರುತ್ತಾಳೆ ಎಂದೂ ಹೇಳಿದ್ದೆ. ಲುಂಕುಸೆ ಗೋಡೆಯಾಚೆ ಕೇಳಿಸಿಕೊಂಡದ್ದು ಅದನ್ನೇ. ಈಗ ನೇರವಾಗಿ ಫೆದೆರೇಸಿ ಅತ್ತೆಯ ಮನೆಗೆ ಹೋಗುತ್ತಿದ್ದೇನೆ, ಆ ಹೂಂ ಅನ್ನು ವಾಪಸು ತೆಗೆದುಕೊಳ್ಳಲು. ಅವರು ಕೇಳದೆ ಕಾರು ಕಳಿಸಿದರೂ ಕಳಿಸಿಯಾರು, ಅದಕ್ಕೇ ನಿನಗೆ ಮೊದಲು ಹೇಳುತ್ತಿದ್ದೇನೆ. ಭಾನುವಾರದ ದೋಣಿಗೆ ಗ್ಯಾವೀರನೂ ನಾನೂ ಬರುತ್ತೇವೆ. ಅವರು ಪದ್ಧತಿಯಂತೆ ಗೋಡೆಯ ಆಚೆ ಕೂತು ನಿನ್ನ ಜೊತೆ ಮಾತಾಡುತ್ತಾರೆ. ನಾನು ಎಲ್ಲಿ ಕೂರಬೇಕು ಎಂದು ನೀನೇ ಹೇಳು.